ಅಳಿಯ ಗೋಲು ಹೊಡೆಯುತ್ತಾನೆ, ಅದನ್ನೇ ನಂಬಿ ಬದುಕಬಹುದಾ?

ಪ್ರಶ್ನೆ: ನಾವು ಬದಿಯಡ್ಕದ ಹತ್ತಿರದವರು. ನನ್ನ ಅಕ್ಕನ ಮಗನಿಗೆ 15 ವರ್ಷ. ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು ಓದುತ್ತಿದ್ದಾನೆ. ಫುಟ್‌ಬಾಲ್‌ನಲ್ಲಿ ಫಾರ್ವರ್ಡ್, ಮುಂದೆ ನಿಂತು ಗೋಲು ಹೊಡೆಯುವವನು. ಊರಿನ ಸೆವೆನ್ಸ್ (ಏಳು ಜನರ ತಂಡದ ಆಟ) ಟೂರ್ನಮೆಂಟ್‌ಗಳಲ್ಲಿ ಹೆಚ್ಚುಕಮ್ಮಿ ಪ್ರತಿ ಆಟದಲ್ಲೂ ಗೋಲು ಹೊಡೆಯುತ್ತಾನೆ. ರಾತ್ರಿ ಆಟಕ್ಕೆ ಕರೆದುಕೊಂಡು ಹೋಗಿ ಕೈಗೆ ದುಡ್ಡೂ ಕೊಡುತ್ತಾರೆ. ಈಗ ಒಬ್ಬರು ಬಂದು, ಇಷ್ಟು ಹಣ ಕೊಟ್ಟರೆ ದೊಡ್ಡ ಕ್ಲಬ್ಬಿನ ಅಕಾಡೆಮಿಯಲ್ಲಿ ಸೀಟು ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಭಾವನಿಗೆ ಇಷ್ಟವಿಲ್ಲ. ಅಕ್ಕನಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಫಾರ್ವರ್ಡ್ ಆಟಗಾರನ ವೃತ್ತಿ ಎಷ್ಟು ವರ್ಷದ್ದು? ಅದನ್ನು ನಂಬಿ ಓದು ಬಿಡಿಸಬಹುದಾ? ಕಳಿಸುವುದಾದರೆ ಬೆಂಗಳೂರಿಗಾ, ಕಣ್ಣೂರಿನ ಕಡೆಗಾ?

ಉತ್ತರ:

ಮೊದಲು ದುಡ್ಡಿನ ಮಾತು ಮುಗಿಸೋಣ. ಆ ಮನುಷ್ಯನಿಗೆ ಒಂದು ರೂಪಾಯಿಯೂ ಕೊಡಬೇಡಿ. ಅಕಾಡೆಮಿಯವರು ಹುಡುಗನನ್ನು ಮೈದಾನದಲ್ಲಿ ಆಡಿಸಿ, ನೋಡಿ ತೆಗೆದುಕೊಳ್ಳುತ್ತಾರೆ. ಕೆಲವು ಕಡೆ ಫೀಸು ಇದೆ, ಹಾಸ್ಟೆಲ್ ಮತ್ತು ಊಟದ ಖರ್ಚೂ ಇದೆ. ಅದನ್ನು ಅಕಾಡೆಮಿಗೇ ಕಟ್ಟಿ ರಸೀದಿ ತೆಗೆದುಕೊಳ್ಳಬೇಕು. ಇನ್ನು ಆತ ತಾನು ಏಜೆಂಟ್ ಎಂದು ಹೇಳಿಕೊಂಡರೆ ಲೈಸೆನ್ಸ್ ಕೇಳಿ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ 2015ರಲ್ಲಿ ಕೈಬಿಟ್ಟಿದ್ದ ಏಜೆಂಟ್ ಲೈಸೆನ್ಸ್ ಪದ್ಧತಿಯನ್ನು 2023ರಲ್ಲಿ ಪರೀಕ್ಷೆ ಇಟ್ಟು ಮತ್ತೆ ತಂದಿದೆ. ಲೈಸೆನ್ಸ್ ಇರುವವರ ಹೆಸರು ಫಿಫಾ ವೆಬ್‌ಸೈಟಿನಲ್ಲಿ ಹುಡುಕಿದರೆ ಸಿಗುತ್ತದೆ. ಅಂಥವರು ಕೂಡ 18 ತುಂಬದ ಹುಡುಗನ ವಿಷಯದಲ್ಲಿ ಮನೆಯವರ ಲಿಖಿತ ಒಪ್ಪಿಗೆ ಇಲ್ಲದೆ ಮುಂದುವರಿಯುವಂತಿಲ್ಲ. ನಗದು ಹಣ ಕೊಡಿ, ಸೀಟು ಖಾತ್ರಿ ಎನ್ನುವವರಿಗೂ ಫುಟ್‌ಬಾಲಿಗೂ ಸಂಬಂಧವಿಲ್ಲ.

ಓದು ಬಿಡಿಸಬಹುದಾ ಎಂದರೆ, ಬೇಡ. ಹುಡುಗನಲ್ಲಿ ನಂಬಿಕೆ ಇಲ್ಲ ಎಂದು ಹೀಗೆ ಹೇಳುತ್ತಿಲ್ಲ. ಫಾರ್ವರ್ಡ್‌ನ ಕೆಲಸವೇ ಅಂಥದ್ದು. ಆಟದ ಹನ್ನೊಂದು ಜಾಗಗಳಲ್ಲಿ ಅಷ್ಟು ಭದ್ರತೆ ಇಲ್ಲದ ಜಾಗ ಇನ್ನೊಂದಿಲ್ಲ. ಅದು ಹೇಗೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಯಾಕೆಂದರೆ ಇಲ್ಲಿಯವರೆಗೆ ನಿಮ್ಮ ಮನೆಯಲ್ಲಿ ನಡೆದಿರುವುದು ಗೋಲಿನ ಲೆಕ್ಕ ಮಾತ್ರ ಅನಿಸುತ್ತದೆ.

ಸೆವೆನ್ಸ್‌ನಲ್ಲಿ ಗೋಲು ಹೊಡೆಯುವುದು ಸುಲಭ ಎಂದು ನಾನು ಹೇಳುವುದಿಲ್ಲ. ಮಲಬಾರಿನ ಸೆವೆನ್ಸ್‌ನಲ್ಲಿ ಗಟ್ಟಿ ಡಿಫೆಂಡರ್‌ಗಳು ಇರುತ್ತಾರೆ. ಘಾನಾ, ನೈಜೀರಿಯಾ, ಐವರಿ ಕೋಸ್ಟ್‌ನಿಂದ ಬಂದವರ ಎದುರು 15 ವರ್ಷದ ಹುಡುಗ ನಿಲ್ಲುತ್ತಾನೆ ಎಂದರೆ ಎದೆಗಾರಿಕೆ ಇದೆ ಅಂತಲೇ ಅರ್ಥ. ಆದರೆ ಅದು ಬೇರೆ ಆಟ. ಮೈದಾನ ಚಿಕ್ಕದು, ಹೆಚ್ಚಿನ ಕಡೆ ಆಫ್‌ಸೈಡ್ ಹಿಡಿಯುವುದಿಲ್ಲ, ಅಂದರೆ ಪಾಸ್ ಬರುವ ಮೊದಲೇ ಡಿಫೆಂಡರ್‌ಗಳ ಹಿಂದೆ ಹೋಗಿ ನಿಂತರೂ ತಪ್ಪಲ್ಲ. ಗೋಲಿನ ಹತ್ತಿರವೇ ನಿಂತು, ಬಂದ ಚೆಂಡನ್ನು ತಿರುಗಿಸಿ ಹೊಡೆದರೆ ಸಾಕು. ಹನ್ನೊಂದು ಜನರ ಆಟಕ್ಕೆ ಅಂತಾರಾಷ್ಟ್ರೀಯ ಅಳತೆಯ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ ಇರುತ್ತದೆ. ಅಲ್ಲಿ ಫಾರ್ವರ್ಡ್‌ನ ಕಾಲಿಗೆ ಚೆಂಡು ಇರುವುದು 90 ನಿಮಿಷದಲ್ಲಿ ಎರಡು ಮೂರು ನಿಮಿಷ ಇರಬಹುದು, ಅಷ್ಟೇ. ಉಳಿದ ಹೊತ್ತೆಲ್ಲ ಅವನು ಚೆಂಡಿಲ್ಲದೆ ಏನು ಮಾಡುತ್ತಾನೆ ಎನ್ನುವುದೇ ಅವನ ಆಟ.

ಡಿಫೆಂಡರ್‌ನ ಕಣ್ಣಿಗೆ ಬೀಳದ ಬದಿಯಲ್ಲಿ ನಿಲ್ಲುತ್ತಾನಾ? ಪಾಸ್ ಹೊರಡುವ ಗಳಿಗೆಯನ್ನು ನೋಡಿ ಓಡುತ್ತಾನಾ, ಅಥವಾ ಮೊದಲೇ ಓಡಿ ಆಫ್‌ಸೈಡ್‌ಗೆ ಸಿಗುತ್ತಾನಾ? ಮೊದಲು ಹತ್ತಿರದ ಕಂಬದ ಕಡೆ ಎರಡು ಹೆಜ್ಜೆ ಇಟ್ಟು, ಡಿಫೆಂಡರ್ ಹಿಂದೆ ಬಂದ ಮೇಲೆ ದೂರದ ಕಂಬದ ಕಡೆ ತಿರುಗುತ್ತಾನಾ? ಚೆಂಡು ಕೈತಪ್ಪಿದ ಕೂಡಲೇ ಎದುರಿನವರನ್ನು ಪ್ರೆಸ್ ಮಾಡಲು, ಅಂದರೆ ಒತ್ತಡ ಹಾಕಿ ಚೆಂಡು ಕಿತ್ತುಕೊಳ್ಳಲು, ಓಡುತ್ತಾನಾ, ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾನಾ? ಟ್ರಯಲ್‌ನಲ್ಲಿ ಕೋಚ್‌ಗಳು ಬರೆದುಕೊಳ್ಳುವುದು ಇದನ್ನೇ. ಗೋಲು ಆಮೇಲಿನದು. ದೊಡ್ಡ ದೊಡ್ಡ ಲೀಗ್‌ಗಳಲ್ಲೂ ಸರಾಸರಿ ಹತ್ತು ಹೊಡೆತಕ್ಕೆ ಒಂದು ಗೋಲು ಬರುವುದೇ ಹೆಚ್ಚು. ಹಾಗಾಗಿ ಒಂದು ದಿನದ ಟ್ರಯಲ್‌ನಲ್ಲಿ ಗೋಲು ಆಗಲಿಲ್ಲ ಎಂದು ಯಾವ ಒಳ್ಳೆಯ ಕೋಚೂ ಹುಡುಗನನ್ನು ಬಿಡುವುದಿಲ್ಲ. ಸುಮ್ನೆ ನಿಂತಿದ್ದ ಎಂದಾದರೆ ಬಿಡುತ್ತಾರೆ.

ಇನ್ನೊಂದು ವಿಷಯ ವಯಸ್ಸಿನದು. 14, 15ರಲ್ಲಿ ಕೆಲವು ಹುಡುಗರು ಬೇಗ ಬೆಳೆಯುತ್ತಾರೆ. ಎತ್ತರ, ವೇಗ, ಬಲ ಎಲ್ಲ ಉಳಿದವರಿಗಿಂತ ಮೊದಲೇ ಬರುತ್ತದೆ. ಚೆಂಡನ್ನು ಮುಂದಕ್ಕೆ ತಳ್ಳಿ ಓಡಿದರೆ ಹಿಡಿಯುವವರೇ ಇರುವುದಿಲ್ಲ. 18ಕ್ಕೆ ಬಂದಾಗ ಉಳಿದವರೂ ಅಷ್ಟೇ ಬೆಳೆದಿರುತ್ತಾರೆ. ಆಗ ಬರೀ ಓಟವನ್ನು ನಂಬಿದ್ದವನು ಹಿಂದೆ ಬೀಳುತ್ತಾನೆ. ನಿಮ್ಮ ಅಳಿಯ ತನ್ನ ವಯಸ್ಸಿನವರಿಗಿಂತ ದೊಡ್ಡವನಾಗಿ ಕಾಣುತ್ತಾನಾ, ಚಿಕ್ಕವನಾಗಿಯಾ? ಚಿಕ್ಕವನಾಗಿದ್ದೂ ಗೋಲು ಹೊಡೆಯುತ್ತಿದ್ದರೆ ನನಗೆ ಅವನ ಮೇಲೆ ಆಸೆ ಜಾಸ್ತಿ. ಬಲ ಇಲ್ಲದೆಯೂ ದಾರಿ ಹುಡುಕಿಕೊಂಡಿದ್ದಾನೆ ಎಂದು ಅರ್ಥ.

ಈಗ ವೃತ್ತಿಯ ವಿಷಯ. ನಮ್ಮ ದೇಶದಲ್ಲಿ ಫಾರ್ವರ್ಡ್‌ನ ದೊಡ್ಡ ಕಷ್ಟ ಒಂದಿದೆ. ಕ್ಲಬ್‌ಗಳು ಹಣ ಕೊಟ್ಟು ವಿದೇಶಿ ಆಟಗಾರರನ್ನು ತರುವಾಗ ಮೊದಲು ತರುವುದು ಗೋಲು ಹೊಡೆಯುವವನನ್ನು. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) 2014ರಲ್ಲಿ ಶುರುವಾದಾಗ ಮೈದಾನದ ಹನ್ನೊಂದು ಜನರಲ್ಲಿ ಆರು ಮಂದಿ ವಿದೇಶಿಯರು ಇರಬಹುದಿತ್ತು. 2017-18ರಲ್ಲಿ ಅದು ಐದಾಯಿತು, 2021-22ರಿಂದ ನಾಲ್ಕು. ಇಳಿದಿದೆ ನಿಜ, ಆದರೆ ಆ ನಾಲ್ವರಲ್ಲಿ ಸ್ಟ್ರೈಕರ್ ಒಬ್ಬ ಇದ್ದೇ ಇರುತ್ತಾನೆ. 2014ರಿಂದ 2024-25ರವರೆಗೆ ಹನ್ನೊಂದು ಋತು ನಡೆದವು. ಅತಿ ಹೆಚ್ಚು ಗೋಲಿನ ಪ್ರಶಸ್ತಿ ಒಂದು ಸಲವೂ ಭಾರತೀಯನಿಗೆ ಬಂದಿಲ್ಲ. 2024-25ರಲ್ಲಿ ಅದು ನಾರ್ತ್‌ಈಸ್ಟ್ ಯುನೈಟೆಡ್‌ನಲ್ಲಿ ಆಡಿದ ಮೊರಾಕೊದ ಅಲಾದ್ದೀನ್ ಅಜರಾಯಿಗೆ ಹೋಯಿತು, 23 ಗೋಲಿಗೆ. ಭಾರತೀಯರಲ್ಲಿ ಹೆಚ್ಚು ಹೊಡೆದದ್ದು 40 ವರ್ಷದ ಸುನಿಲ್ ಛೆಟ್ರಿ, 14 ಗೋಲು. 40 ದಾಟಿದವರನ್ನು ಮೀರಿಸುವ ಹುಡುಗ ಇನ್ನೂ ಬಂದಿಲ್ಲ ಎನ್ನುವುದು ನನಗೆ ತುಂಬಾ ನೋವಿನ ವಿಷಯ. ಹುಡುಗರಲ್ಲಿ ಶಕ್ತಿ ಇಲ್ಲ ಎಂದಲ್ಲ, ಆ ಜಾಗದಲ್ಲಿ ಅವರಿಗೆ ಆಡಲು ನಿಮಿಷಗಳೇ ಸಿಗುವುದಿಲ್ಲ.

ಛೆಟ್ರಿಯವರೂ ಈ ಕಷ್ಟವನ್ನು ದಾಟಿದ ರೀತಿ ಗಮನಿಸಬೇಕು. 2017-18ರಲ್ಲಿ ಬೆಂಗಳೂರು ಎಫ್‌ಸಿಯ ಮುಂದಿನ ಸಾಲಿನ ಮಧ್ಯದಲ್ಲಿ ವೆನೆಜುವೆಲಾದ ಮಿಕು ಆಡುತ್ತಿದ್ದರು. ಛೆಟ್ರಿ ಹೆಚ್ಚಾಗಿ ವಿಂಗ್‌ನ, ಅಂದರೆ ಮೈದಾನದ ಅಂಚಿನ, ಕಡೆಯಿಂದ ಒಳಗೆ ಬರುತ್ತಿದ್ದರು. ಆ ಲೀಗ್‌ನಲ್ಲಿ ಮಿಕು 15 ಗೋಲು ಹೊಡೆದರೆ ಛೆಟ್ರಿ 14. ಅಂದರೆ ಒಂಬತ್ತನೇ ನಂಬರಿನ, ಅಂದರೆ ಮಧ್ಯದ ಸ್ಟ್ರೈಕರ್‌ನ, ಜಾಗ ಸಿಗದಿದ್ದರೂ ಗೋಲಿನ ಕೆಲಸ ಬಿಡಲಿಲ್ಲ. ನಿಮ್ಮ ಅಳಿಯ ಈಗಿನಿಂದಲೇ ಎಡ ಬದಿ, ಬಲ ಬದಿ, ಸ್ಟ್ರೈಕರ್‌ನ ಹಿಂದಿನ ಜಾಗ, ಎಲ್ಲದರಲ್ಲೂ ಆಡಿ ಕಲಿಯಲಿ. ನಾನು ಸ್ಟ್ರೈಕರ್, ಬೇರೆ ಕಡೆ ಆಡುವುದಿಲ್ಲ ಎನ್ನುವ ಹುಡುಗರು ನಮ್ಮಲ್ಲಿ ಬಹಳ. ಅವರಲ್ಲಿ ಹೆಚ್ಚಿನವರು ಬೆಂಚಿನಲ್ಲೇ ಉಳಿಯುತ್ತಾರೆ.

ಎಷ್ಟು ವರ್ಷದ ವೃತ್ತಿ ಎಂದು ಕೇಳಿದ್ದೀರಿ. ಇದಕ್ಕೆ ನಮ್ಮ ಕಾಸರಗೋಡು ಜಿಲ್ಲೆಯವರೇ ಉತ್ತರ. ತ್ರಿಕರಿಪುರದ ಮೊಹಮ್ಮದ್ ರಫಿ 1982ರಲ್ಲಿ ಹುಟ್ಟಿದವರು. ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರ್ ತಂಡದಿಂದ ಮೇಲೆ ಬಂದರು, ಆಮೇಲೆ ಮುಂಬೈಯ ಮಹೀಂದ್ರ ಯುನೈಟೆಡ್. ಆಗಿನ ದೇಶದ ಮೊದಲ ದರ್ಜೆಯ ಲೀಗ್ ಆಗಿದ್ದ ಐ-ಲೀಗ್‌ನ 2009-10ರ ಋತುವಿನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರು ಅವರು. ಆಗ ಅವರಿಗೆ 27, 28. ಫಾರ್ವರ್ಡ್‌ಗೆ ಅದೇ ಒಳ್ಳೆಯ ಕಾಲ. ಸಾಮಾನ್ಯವಾಗಿ 25ರಿಂದ 30ರ ಒಳಗೆ ಓಟವೂ ಇರುತ್ತದೆ, ಬುದ್ಧಿಯೂ ಕೂಡಿರುತ್ತದೆ. ಆದರೆ 2010ರಲ್ಲಿ ಮಹೀಂದ್ರ ಯುನೈಟೆಡ್ ತಂಡವನ್ನೇ ಮುಚ್ಚಿಬಿಟ್ಟರು. ಆಟಗಾರ ಚೆನ್ನಾಗಿ ಆಡಿದರೂ ಕ್ಲಬ್ ಉಳಿಯಬೇಕಲ್ವಾ? ಮರುವರ್ಷ ಪಂಜಾಬಿನ ಜೆಸಿಟಿ ಕ್ಲಬ್ಬೂ ಮುಚ್ಚಿಹೋಯಿತು.

ರಫಿ ಅಲ್ಲಿಗೆ ನಿಲ್ಲಲಿಲ್ಲ. 2014ರಲ್ಲಿ ಮೊದಲ ಐಎಸ್‌ಎಲ್ ಗೆದ್ದ ಕೋಲ್ಕತ್ತ ತಂಡದಲ್ಲಿದ್ದರು. ಆಮೇಲೆ ಕೇರಳ ಬ್ಲಾಸ್ಟರ್ಸ್‌ಗೆ ಬಂದರು. 2016ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿ ನಡೆದ ಫೈನಲ್‌ನಲ್ಲಿ ಬ್ಲಾಸ್ಟರ್ಸ್‌ನ ಗೋಲು ಅವರದೇ, ಕಾರ್ನರ್‌ನಿಂದ ಬಂದ ಚೆಂಡಿಗೆ ಹೆಡ್ಡರ್. ಆ ಪಂದ್ಯ ಪೆನಾಲ್ಟಿಯಲ್ಲಿ ಕೈತಪ್ಪಿತು. ಆಗ ಅವರಿಗೆ 34. 2017-18ರಲ್ಲಿ ಚೆನ್ನೈಯಿನ್ ಎಫ್‌ಸಿ ಪ್ರಶಸ್ತಿ ಗೆದ್ದಾಗಲೂ ತಂಡದಲ್ಲಿದ್ದರು. ಅವರು ಓಟವನ್ನು ನಂಬಿದ ಆಟಗಾರ ಅಲ್ಲ. ಜಿಗಿಯುವ ಸಮಯ, ತಲೆ ತಿರುಗಿಸುವ ರೀತಿ, ಡಿಫೆಂಡರ್‌ಗೆ ಮೈ ಆನಿಸಿ ನಿಲ್ಲುವ ಕಲೆ ಗೊತ್ತಿತ್ತು. ಓಟ ಕಡಿಮೆಯಾದರೂ ಆ ಕಲೆ ಕಡಿಮೆಯಾಗುವುದಿಲ್ಲ. ಬದಿಯಡ್ಕದಿಂದ ತ್ರಿಕರಿಪುರ ಒಂದೇ ಜಿಲ್ಲೆಯೊಳಗಿನ ದಾರಿ. ಕನ್ನಡದ ಮಕ್ಕಳಿಗೆ ಅವರ ಹೆಸರು ಗೊತ್ತಿಲ್ಲ ಎಂದರೆ ಬೇಸರ ಆಗುತ್ತದೆ. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಅವರಿಗೂ ಹೇಳಿ: ನೀಲೇಶ್ವರದ ಹತ್ತಿರ ಬಂಗಳಂನ ಪಿ. ಮಾಳವಿಕಾ ಭಾರತದ ಮಹಿಳಾ ತಂಡದ ಫಾರ್ವರ್ಡ್. 2025ರ ಜೂನ್‌ನಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ಮಂಗೋಲಿಯಾವನ್ನು ಭಾರತ 13-0ರಿಂದ ಸೋಲಿಸಿದಾಗ ಅವರದೂ ಒಂದು ಗೋಲಿತ್ತು.

ಹೀಗೆ ನೋಡಿದರೆ ಒಳ್ಳೆಯ ಫಾರ್ವರ್ಡ್‌ಗೆ ಹನ್ನೆರಡು, ಹದಿನೈದು ವರ್ಷದ ಆಟ ಇದೆ. ಆದರೆ ಹೆಚ್ಚಿನವರಿಗೆ ಅಷ್ಟು ಸಿಗುವುದಿಲ್ಲ. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು (ಲಿಗಮೆಂಟ್) ಹರಿದರೆ ಮೈದಾನಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು, ಆತುರಪಟ್ಟರೆ ಮತ್ತೆ ಹರಿಯುವ ಭಯ ಹೆಚ್ಚು. ತೊಡೆಯ ಹಿಂಭಾಗದ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಫಾರ್ವರ್ಡ್‌ಗಳಿಗೆ ಪದೇ ಪದೇ ಕಾಡುತ್ತದೆ. ಕೋಚ್ ಬದಲಾದರೆ ಜಾಗ ಹೋಗುತ್ತದೆ. ಲೀಗೇ ನಿಲ್ಲುವುದೂ ಉಂಟು. 2025ರ ಜುಲೈಯಲ್ಲಿ ಐಎಸ್‌ಎಲ್‌ನ ಮುಂದಿನ ಋತುವನ್ನು ತಡೆಹಿಡಿದಾಗ ಕೆಲವು ಕ್ಲಬ್‌ಗಳು ಆಟಗಾರರ ಸಂಬಳವನ್ನೇ ನಿಲ್ಲಿಸಿದವು. ದೇಶದ ಅತಿ ದೊಡ್ಡ ಲೀಗ್‌ನ ಕತೆಯೇ ಇದು.

ಅದಕ್ಕೇ ಕೇರಳದಲ್ಲಿ ಹಿಂದಿನಿಂದಲೂ ಸರ್ಕಾರಿ ಇಲಾಖೆಯ ನೌಕರಿಗೆ ಇಷ್ಟು ಬೆಲೆ. ಭಾರತ ತಂಡದ ಫಾರ್ವರ್ಡ್ ಆಗಿದ್ದ ಐ.ಎಂ. ವಿಜಯನ್ ಹುಡುಗನಾಗಿದ್ದಾಗ ತ್ರಿಶೂರಿನ ಸ್ಟೇಡಿಯಂನಲ್ಲಿ ಸೋಡಾ ಮಾರುತ್ತಿದ್ದರು. ಕೇರಳ ಪೊಲೀಸ್ ತಂಡಕ್ಕೆ ಸೇರಿದ ಮೇಲೆ ಬದುಕು ಬದಲಾಯಿತು. ಆ ತಂಡ 1990 ಮತ್ತು 1991ರಲ್ಲಿ ಫೆಡರೇಶನ್ ಕಪ್ ಗೆದ್ದಿತು. ಅವರು ಮೋಹನ್ ಬಗಾನ್, ಜೆಸಿಟಿ, ಎಫ್‌ಸಿ ಕೊಚ್ಚಿನ್ ಎಂದು ಎಷ್ಟೋ ಕಡೆ ಆಡಿದರು. ಎಫ್‌ಸಿ ಕೊಚ್ಚಿನ್ ಈಗ ಇಲ್ಲ. ಪೊಲೀಸ್ ಕೆಲಸ ಇತ್ತು. 2025ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಪೊಲೀಸ್ ಇಲಾಖೆಯಿಂದ ನಿವೃತ್ತರಾದರು.

ಇದರ ಇನ್ನೊಂದು ಮಗ್ಗುಲೂ ತಿಳಿದಿರಲಿ. ಕಣ್ಣೂರಿನ ಸಿ.ಕೆ. ವಿನೀತ್ ಬೆಂಗಳೂರು ಎಫ್‌ಸಿ, ಬ್ಲಾಸ್ಟರ್ಸ್ ಎರಡರಲ್ಲೂ ಹೆಸರು ಮಾಡಿದ ಫಾರ್ವರ್ಡ್. ಕ್ರೀಡಾ ಕೋಟಾದಲ್ಲಿ ತಿರುವನಂತಪುರದ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಕೆಲಸವಿತ್ತು. ಹಾಜರಾತಿ ಸಾಲದು ಎಂದು 2017ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಆಡುವುದಕ್ಕೇ ಕೊಟ್ಟ ಕೆಲಸ, ಆಡಿದ್ದಕ್ಕೆ ಹೋಯಿತು. ಅದು ಅನ್ಯಾಯ ಎಂದೇ ನಾನು ಈಗಲೂ ನಂಬುತ್ತೇನೆ. ಆದರೂ ಪಾಠ ಏನೆಂದರೆ, ನೌಕರಿ ಮತ್ತು ಕ್ಲಬ್ ಎರಡನ್ನೂ ಹಿಡಿಯುವಾಗ ರಜೆಯ ನಿಯಮವನ್ನು ಕಾಗದದಲ್ಲಿ ಓದಿ ಸಹಿ ಮಾಡಬೇಕು.

ತಿರುವನಂತಪುರದ ಜಾಬಿ ಜಸ್ಟಿನ್ ವಿದ್ಯುತ್ ಮಂಡಳಿಯ ತಂಡದಲ್ಲಿ ಆಡಿ ಅಲ್ಲಿಂದ ಈಸ್ಟ್ ಬೆಂಗಾಲ್‌ಗೆ ಹೋದವರು. ಮಲಪ್ಪುರಂನ ಟಿ.ಕೆ. ಜೆಸಿನ್ ಕತೆ ಕನ್ನಡಿಗರಿಗೆ ಸ್ವಲ್ಪ ಕಹಿ. 2022ರ ಏಪ್ರಿಲ್‌ನಲ್ಲಿ ಮಂಜೇರಿಯಲ್ಲಿ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ಸೆಮಿಫೈನಲ್. ಕೇರಳದ ಎದುರು ಕರ್ನಾಟಕ. ಕರ್ನಾಟಕವೇ ಮೊದಲು ಗೋಲು ಹೊಡೆಯಿತು. ಜೆಸಿನ್ ಬದಲಿ ಆಟಗಾರನಾಗಿ ಒಳಗೆ ಬಂದು ಐದು ಗೋಲು ಹೊಡೆದರು. ಪಂದ್ಯ 7-3. ಅದಾದ ಮೇಲೆ ಈಸ್ಟ್ ಬೆಂಗಾಲ್ ಅವರನ್ನು ಕರೆದುಕೊಂಡಿತು. ಬೆಂಚಿನಲ್ಲಿ ಕೂತವನೂ ಆ ಒಂದು ಸಂಜೆಗೆ ಸಿದ್ಧನಾಗಿದ್ದ ಎನ್ನುವುದನ್ನು ನಿಮ್ಮ ಅಳಿಯನಿಗೆ ಹೇಳಿ. ಮರುವರ್ಷ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಅದೇ ಟ್ರೋಫಿ ಗೆದ್ದಿತು, 54 ವರ್ಷದ ನಂತರ.

ಬೆಂಗಳೂರಾ, ಕಣ್ಣೂರಾ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ: ಈ ವರ್ಷ ಎರಡೂ ಬೇಡ. ಹತ್ತನೇ ಕ್ಲಾಸು ಮುಗಿಯಲಿ. ಸೆವೆನ್ಸ್ ಜೋರಾಗಿ ನಡೆಯುವ ತಿಂಗಳುಗಳೂ ಪರೀಕ್ಷೆಯ ತಿಂಗಳೂ ಒಂದೇ ಆಗಿರುವುದರಿಂದ ರಾತ್ರಿ ಆಟವನ್ನು ಈಗಲೇ ನಿಲ್ಲಿಸಿ. ಶಾಲೆಯ ತಂಡದಲ್ಲಿ ಹನ್ನೊಂದು ಜನರ ಆಟ ಆಡಲಿ. ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂದು ಮೇಲೆ ಹೋಗುವ ದಾರಿ ಅದು. ಸರ್ಟಿಫಿಕೇಟಿಗೆ ಬೆಲೆ ಇರುವುದೂ ಅಲ್ಲಿ. ಸೆವೆನ್ಸ್‌ನ ಕಪ್ಪಿಗೆ ಕಾಲೇಜಿನ ಕ್ರೀಡಾ ಕೋಟಾದಲ್ಲಿ ಬೆಲೆಯಿಲ್ಲ.

ಪ್ಲಸ್ ಒನ್‌ಗೆ (ಹನ್ನೊಂದನೇ ಕ್ಲಾಸಿಗೆ) ಹೋಗುವಾಗ ಕೇರಳದ ಕ್ರೀಡಾ ಶಾಲೆಗಳ ಆಯ್ಕೆಗೆ ಕಳಿಸಿ. ತಿರುವನಂತಪುರದಲ್ಲಿ ಜಿ.ವಿ. ರಾಜಾ ಶಾಲೆ ಇದೆ, ಕಣ್ಣೂರಿನಲ್ಲಿ ಒಂದಿದೆ. ಅಲ್ಲಿ ಊಟ, ವಸತಿ, ಓದು, ಆಟ ಒಟ್ಟಿಗೆ ನಡೆಯುತ್ತದೆ. ಕನ್ನಡ ಮಾಧ್ಯಮದ ಹುಡುಗ, ಹೇಗೆ ಹೊಂದಿಕೊಳ್ಳುತ್ತಾನೋ ಎಂದು ಅಕ್ಕನಿಗೆ ಚಿಂತೆ ಇರಬಹುದು. ಕಾಸರಗೋಡಿನ ಮಕ್ಕಳಿಗೆ ಕನ್ನಡ, ತುಳು, ಮಲಯಾಳಂ ಮೂರೂ ಕಿವಿಗೆ ಬಿದ್ದಿರುತ್ತದೆ. ಮೈದಾನದಲ್ಲಿ ಒಂದು ತಿಂಗಳು ಸಾಕು. ಪಾಠದ ಮಾಧ್ಯಮ ಬದಲಾಗುವುದೇ ನಿಜವಾದ ಕಷ್ಟ, ಆ ರಜೆಯಲ್ಲಿ ಇಂಗ್ಲಿಷಿಗೆ ಒತ್ತು ಕೊಡಿ. ಅಲ್ಲಿ ಆಗಲಿಲ್ಲ ಎಂದರೆ ಮಂಗಳೂರು ಇದೆ. ಕುಂಬಳೆಯಿಂದ ರೈಲಿನಲ್ಲಿ ಹೋಗಿ ಬರಬಹುದು. ಕಾಲೇಜು ತಂಡಗಳು, ಜಿಲ್ಲಾ ಲೀಗ್ ಎರಡೂ ಇವೆ. ಭಾಷೆಯೂ ನಮ್ಮದೇ. ಬೆಂಗಳೂರಿನ ಟ್ರಯಲ್‌ಗಳಿಗೆ ಅಲ್ಲಿಂದ ಹೋಗುವುದು ಸುಲಭ. 2024ರಲ್ಲಿ ಸೂಪರ್ ಲೀಗ್ ಕೇರಳ ಶುರುವಾದ ಮೇಲೆ ಕಣ್ಣೂರು, ಕೋಝಿಕ್ಕೋಡ್ ತಂಡಗಳೂ ಹುಡುಗರನ್ನು ನೋಡುತ್ತಿವೆ. ಆದ್ದರಿಂದ ಮನೆ ಹತ್ತಿರದಲ್ಲೇ ಈಗ ಮೊದಲಿಗಿಂತ ಅವಕಾಶ ಹೆಚ್ಚು.

ಎಲ್ಲಿ ಆಡಿದರೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್‌ನ ಆನ್‌ಲೈನ್ ನೋಂದಣಿ ಬೇಕು. ಯಾವ ಕ್ಲಬ್ಬು ಅವನನ್ನು ನೋಂದಾಯಿಸುತ್ತದೆ ಎಂದು ತಿಳಿದೇ ಸಹಿ ಹಾಕಿ. ಆಮೇಲೆ ಬೇರೆ ಕ್ಲಬ್ಬಿಗೆ, ಬೇರೆ ರಾಜ್ಯಕ್ಕೆ ಹೋಗಬೇಕಾದರೆ ವರ್ಗಾವಣೆ ಅದರ ಮೂಲಕವೇ ಆಗಬೇಕು. ನೋಂದಾಯಿತ ವೃತ್ತಿ ಆಟಗಾರ ಸೆವೆನ್ಸ್‌ಗೆ ಹೋದರೆ ಕ್ಲಬ್ ಒಪ್ಪುವುದಿಲ್ಲ, ಫೆಡರೇಶನ್ನೂ ಒಪ್ಪುವುದಿಲ್ಲ. ಜನನ ಪತ್ರದ ವಯಸ್ಸನ್ನು ಇಳಿಸುವ ಸಲಹೆ ಯಾರಾದರೂ ಕೊಟ್ಟರೆ ಬಾಗಿಲಿನಿಂದಲೇ ಕಳಿಸಿ, ಮೂಳೆಯ ಎಕ್ಸ್‌ರೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಹುಡುಗ ಹೊರಗಾಗುತ್ತಾನೆ. ಮುಂದೆ ಒಪ್ಪಂದ ಬಂದರೆ, 18ರ ಒಳಗಿನವರಿಗೆ ಮೂರು ವರ್ಷಕ್ಕಿಂತ ಹೆಚ್ಚಿನ ಒಪ್ಪಂದ ಮಾಡುವಂತಿಲ್ಲ ಎಂಬ ಫಿಫಾ ನಿಯಮ ನೆನಪಿರಲಿ. ಸಂಬಳದ ಅಂಕಿಯ ಮೊದಲು, ಗಾಯವಾದರೆ ಶಸ್ತ್ರಚಿಕಿತ್ಸೆಯ ಖರ್ಚು ಯಾರದು, ಆ ತಿಂಗಳುಗಳಲ್ಲಿ ಸಂಬಳ ಉಂಟಾ ಎಂದು ಓದಿ.

ಮೈಯ ಬಗ್ಗೆ ಒಂದು ಮಾತು. ನಮ್ಮ ಕಡೆಯ ಮೈದಾನಗಳು ಮುರಕಲ್ಲಿನ ಪಾದೆಯ ಮೇಲೆ ಇರುತ್ತವೆ. ಬೆಳೆಯುವ ವಯಸ್ಸಿನಲ್ಲಿ ಮೊಣಕಾಲಿನ ಚಿಪ್ಪಿನ ಕೆಳಗೆ ಗಂಟು ಬಂದಂತೆ ನೋವು ಬರುವುದು ಈ ಹುಡುಗರಲ್ಲಿ ಸಾಮಾನ್ಯ. ಉದ್ದ ಸ್ಟಡ್ ಇರುವ ಬೂಟು ಗಟ್ಟಿ ನೆಲಕ್ಕೆ ಬೇಡ, ಚಿಕ್ಕ ಚಿಕ್ಕ ಸ್ಟಡ್ ಹೆಚ್ಚು ಇರುವ ಬೂಟು ಕೊಡಿಸಿ. ನೋವಿದ್ದರೆ ಆಟ ಕಡಿಮೆ ಮಾಡಿಸಿ, ಸ್ಪ್ರೇ ಹೊಡೆದು ಇಳಿಸಬೇಡಿ. ವಾರದಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ ಬೇಕು.

ಬಾಕಿ ಹೊತ್ತಿನಲ್ಲಿ ಮನೆಯ ಹಿಂದಿನ ಗೋಡೆಗೆ ಎಡಗಾಲಿನಿಂದ ಚೆಂಡು ಹೊಡೆಯಲಿ. ಅವನು ಎಡಗಾಲಿನವನಾದರೆ ಬಲಗಾಲಿನಿಂದ. ಚೆಂಡು ಬರುವ ಮೊದಲು ಎರಡು ಭುಜದ ಮೇಲಿಂದಲೂ ಹಿಂದೆ ನೋಡುವ ಅಭ್ಯಾಸ ಆಗಲಿ. ಇದಕ್ಕೆ ಅಕಾಡೆಮಿ ಬೇಡ.

ಭಾವನನ್ನು ಒಂದು ಸಲ ಹನ್ನೊಂದು ಜನರ ಆಟಕ್ಕೆ ಕರೆದುಕೊಂಡು ಹೋಗಿ. ಫೋನಿನಲ್ಲಿ ಪೂರ್ತಿ ಆಟ ತೆಗೆಯಿರಿ, ಗೋಲಿನ ತುಣುಕುಗಳು ಬೇಡ. ಚೆಂಡು ಎಲ್ಲೇ ಇರಲಿ, ಕ್ಯಾಮರಾ ಹುಡುಗನ ಮೇಲೆ ಇರಲಿ. ಶಾಲೆಯ ಪಿ.ಟಿ. ಮಾಸ್ತರರ ಜೊತೆ ಕೂತು ನೀವು ಮೂವರೂ ನೋಡಿ, ಹುಡುಗನೂ ಇರಲಿ. ಮೇಲೆ ಕೇಳಿದ ಪ್ರಶ್ನೆಗಳನ್ನು ಆಗ ಒಂದೊಂದಾಗಿ ಕೇಳಿಕೊಳ್ಳಿ. ಏಪ್ರಿಲ್‌ನಲ್ಲಿ ಯಾವ ಆಯ್ಕೆಗೆ ಕಳಿಸಬೇಕು ಎಂದು ತೀರ್ಮಾನಿಸಲು ಆ ವೀಡಿಯೊ ಸಾಕು. ಕ್ರೀಡಾ ಶಾಲೆಯ ಅರ್ಜಿ ಯಾವಾಗ ಎಂದು ಪಿ.ಟಿ. ಮಾಸ್ತರರಿಗೆ ಈಗಲೇ ಕೇಳಿಡಿ.